ಕೊಡಗಿನಲ್ಲಿದ್ದುಕೊಂಡೇ ಎಂಬೆಡೆಡ್ ಕೆಲಸ: ಓದುವಾಗಲೇ ದುಡಿಯುವುದು ಹೇಗೆ?

ಪ್ರಶ್ನೆ: ನಾನು ಕುಶಾಲನಗರದಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್ ಓದುತ್ತಿರುವ ವಿದ್ಯಾರ್ಥಿನಿ. ಊರು ಶನಿವಾರಸಂತೆ ಹತ್ತಿರ. ತಂದೆಯವರಿಗೆ ಎರಡು ಎಕರೆ ಕಾಫಿ, ಅದರೊಳಗೇ ಕರಿಮೆಣಸು. ಹಾಸ್ಟೆಲ್ ಖರ್ಚನ್ನಾದರೂ ನಾನೇ ದುಡಿದುಕೊಳ್ಳಬೇಕೆಂಬ ಆಸೆ. ಎಂಬೆಡೆಡ್ ಸಿಸ್ಟಮ್ಸ್, ಎಂದರೆ ಯಂತ್ರದೊಳಗೇ ಕೂತು ಅದನ್ನು ನಡೆಸುವ ಪುಟ್ಟ ಕಂಪ್ಯೂಟರುಗಳ ಕೆಲಸ, ನನಗೆ ಇಷ್ಟದ ವಿಷಯ. ಆದರೆ ಇಂಥ ಅರೆಕಾಲಿಕ ಕೆಲಸವೆಲ್ಲ ಬೆಂಗಳೂರಿನಲ್ಲೇ ಎನ್ನುತ್ತಾರೆ. ಒಂದು ಸಂಸ್ಥೆಯವರು ಆನ್‌ಲೈನ್ ಇಂಟರ್ನ್‌ಶಿಪ್ ಕೊಡುವುದಾಗಿ ಹೇಳಿ ಆರು ಸಾವಿರ ರೂಪಾಯಿ ಕೇಳಿದ್ದಾರೆ. ಕಟ್ಟಲೇ? ಯಾವ ಎಲೆಕ್ಟ್ರಾನಿಕ್ಸ್ ಬೋರ್ಡ್ ಕಲಿತರೆ ಕೆಲಸ ಸಿಗುತ್ತದೆ? ದುಡಿಮೆಗೆ ಕೈ ಹಾಕಿದರೆ ಓದು ಹಾಳಾಗುತ್ತದೆ ಎಂಬುದು ತಂದೆಯವರ ಭಯ. ಏನು ಮಾಡಲಿ?

ಉತ್ತರ: ಮೊದಲು ಆರು ಸಾವಿರದ ವಿಚಾರ ಮುಗಿಸೋಣ. ಕೊನೆಯ ದಿನ ಹತ್ತಿರ ಬಂತು ಎಂದು ನಿಮಗೆ ಈಗಾಗಲೇ ಫೋನ್ ಮೇಲೆ ಫೋನ್ ಬರುತ್ತಿರಬಹುದು. ಕಟ್ಟಬೇಡಿ. ಹಣ ಪಡೆದು ಪಾಠ ಹೇಳುವುದರಲ್ಲಿ ತಪ್ಪಿಲ್ಲ, ಆದರೆ ಅದಕ್ಕೆ ತರಬೇತಿ ಎಂದು ಹೆಸರು. ಇಂಟರ್ನ್‌ಶಿಪ್ ಎಂದರೆ ಒಂದು ಸಂಸ್ಥೆಯ ನಿಜವಾದ ಕೆಲಸದಲ್ಲಿ ನೀವು ಕೈ ಜೋಡಿಸುವುದು. ಅದಕ್ಕೆ ಅವರು ನಿಮಗೆ ಹಣ ಕೊಡಬೇಕು, ಕೊಡಲಾಗದಿದ್ದರೆ ಕೇಳಬಾರದು. ಅವರಿಗೆ ಈ ಮೂರು ಮಾತು ಕೇಳಿ ನೋಡಿ: ನಾನು ಬರೆದ ಪ್ರೋಗ್ರಾಮನ್ನು ಯಾರು ಓದಿ ತಿದ್ದುತ್ತಾರೆ? ಯಾವ ಬೋರ್ಡ್ ನನ್ನ ಕೈಗೆ ಬರುತ್ತದೆ? ನಾನು ಮಾಡಿದ್ದು ಯಾವ ಉತ್ಪನ್ನದಲ್ಲಿ ಸೇರುತ್ತದೆ? ಇವಕ್ಕೆ ಉತ್ತರ ಬರುವ ಬದಲು ಪ್ರಮಾಣಪತ್ರದ ಮಾತು ಬಂದರೆ ಅಲ್ಲಿಗೆ ಬಿಟ್ಟುಬಿಡಿ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಲು ಹಣ ಬೇಕಿಲ್ಲ. ನಿಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗವನ್ನೂ ವಿಚಾರಿಸಿ. ಈಗಾಗಲೇ ಮುಂಗಡ ಕಟ್ಟಿ ಮೋಸ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.

ಇನ್ನು ಕೆಲಸವೆಲ್ಲ ಬೆಂಗಳೂರಿನಲ್ಲೇ ಎಂಬ ಮಾತು. ಸಂಬಳದ ಕೆಲಸದ ಮಟ್ಟಿಗೆ ಅದು ಬಹುಪಾಲು ನಿಜ. ಮನೆಯಲ್ಲೇ ಕೂತು ಫರ್ಮ್‌ವೇರ್ (ಯಂತ್ರದ ಚಿಪ್ಪಿನೊಳಗೆ ಕೂರುವ ಪ್ರೋಗ್ರಾಮ್) ಬರೆಯುವ ಕೆಲಸವನ್ನು ಹೊಸಬರಿಗೆ ಯಾರೂ ಸುಲಭವಾಗಿ ಕೊಡುವುದಿಲ್ಲ. ಅದಕ್ಕೆ ಕಾರಣವೂ ಇದೆ. ವೆಬ್‌ಸೈಟ್ ಕೆಲಸದಲ್ಲಿ ತಪ್ಪು ಎಲ್ಲಿದ್ದರೂ ಅದು ಪ್ರೋಗ್ರಾಮಿನಲ್ಲೇ ಇರುತ್ತದೆ. ನಮ್ಮ ಕೆಲಸದಲ್ಲಿ ತಪ್ಪು ಪ್ರೋಗ್ರಾಮಿನಲ್ಲಿರಬಹುದು, ಬೆಸುಗೆಯಲ್ಲಿರಬಹುದು, ವೈರಿನಲ್ಲಿರಬಹುದು, ಬ್ಯಾಟರಿಯಲ್ಲಿರಬಹುದು. ಇವುಗಳಲ್ಲಿ ಯಾವುದು ಎಂದು ಗುರುತಿಸುವ ಕೈ ನಿಮಗೆ ಬಂದಿದೆ ಎಂಬ ನಂಬಿಕೆ ಬರುವವರೆಗೆ ನೂರಾರು ಮೈಲಿ ದೂರದಲ್ಲಿ ಕೂತ ಹುಡುಗಿಗೆ ಯಾರೂ ಬೋರ್ಡ್ ಕೊರಿಯರ್ ಮಾಡುವುದಿಲ್ಲ. ಆ ಕೈ ಬರುವುದು ಯಂತ್ರದ ಹತ್ತಿರ ನಿಂತಾಗ ಮಾತ್ರ. ನಿಮ್ಮ ಸುತ್ತ ಯಂತ್ರಗಳಿಗೇನೂ ಬರವಿಲ್ಲ. ಹಾಗಾಗಿ ನನ್ನ ಸಲಹೆ ಇದು: ಮೊದಲ ದುಡಿಮೆಯನ್ನು ಕೊಡಗಿನಲ್ಲೇ ಹುಡುಕಿ, ರಿಪೇರಿ ಮತ್ತು ಅಳತೆಯಿಂದ ಆರಂಭಿಸಿ, ಹೊರಗೆ ಮಳೆಯಲ್ಲಿ ನಿಂತು ಒಂದು ಪೂರ್ತಿ ಮಳೆಗಾಲ ಕೆಲಸ ಮಾಡಿದ ಒಂದೇ ಒಂದು ಸಾಧನವನ್ನು ನಿಮ್ಮದೆಂದು ತೋರಿಸುವಂತಾಗಿ. ಆಮೇಲೆ ಮೈಸೂರು, ಬೆಂಗಳೂರಿನವರ ಜೊತೆ ಮಾತನಾಡುವಾಗ ನಿಮ್ಮ ದನಿಯೇ ಬೇರೆಯಾಗಿರುತ್ತದೆ.

ನಾನು ಓದುವಾಗ ರಜೆಯಲ್ಲಿ ಮಡಿಕೇರಿಯ ಒಂದು ಚಿಕ್ಕ ರೇಡಿಯೊ-ಟಿವಿ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದ ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಜನ ಸುಟ್ಟ ಸ್ಟೆಬಿಲೈಸರ್ ಹಿಡಿದು ನಿಂತಿರುತ್ತಿದ್ದರು. ಮಾಲೀಕರು ಯಾವುದನ್ನೂ ತಕ್ಷಣ ಬಿಚ್ಚುತ್ತಿರಲಿಲ್ಲ. ಮೊದಲು ಮೂಸಿ ನೋಡುತ್ತಿದ್ದರು, ಆಮೇಲೆ ಬೆಳಕಿಗೆ ಹಿಡಿದು ಕಪ್ಪಾದ ಜಾಗ ಹುಡುಕುತ್ತಿದ್ದರು, ಮೀಟರ್ ಹಿಡಿಯುತ್ತಿದ್ದುದು ಮೂರನೆಯದಾಗಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯವರನ್ನು ಕೂರಿಸಿ ನಿನ್ನೆ ರಾತ್ರಿ ಏನಾಯಿತು ಎಂದು ಕೇಳುತ್ತಿದ್ದರು. ಬಲ್ಬು ಒಮ್ಮೆ ಜೋರಾಗಿ ಉರಿದು ನಂದಿತೇ, ಸಿಡಿಲು ಎಷ್ಟು ಹತ್ತಿರ ಬಡಿಯಿತು, ಆಗ ಪ್ಲಗ್ ತೆಗೆದಿದ್ದಿರೇ. ಅರ್ಧ ದೋಷ ಆ ಮಾತಿನಲ್ಲೇ ಸಿಕ್ಕಿಬಿಡುತ್ತಿತ್ತು. ಮುಂದೆ ಹದಿನೆಂಟು ವರ್ಷ ಕಂಪನಿಗಳಲ್ಲಿ ಫರ್ಮ್‌ವೇರ್ ಬರೆದಾಗಲೂ ನನಗೆ ಅನ್ನ ಹಾಕಿದ್ದು ಆ ಕ್ರಮವೇ.

ಈಗ ಸ್ಟೆಬಿಲೈಸರ್ ಜಾಗದಲ್ಲಿ ವೈ-ಫೈ ರೂಟರ್, ಇನ್ವರ್ಟರ್, ಸಿಸಿಟಿವಿ, ಸೋಲಾರ್ ಬೇಲಿಗೆ ಕರೆಂಟಿನ ಬಡಿತ ಕೊಡುವ ಎನರ್ಜೈಸರ್ ಪೆಟ್ಟಿಗೆ ಬಂದಿವೆ. ಸಿಡಿಲಿನ ಕಾಲದಲ್ಲಿ ಇವೆಲ್ಲ ಕೆಡುತ್ತವೆ. ಕುಶಾಲನಗರ, ಸೋಮವಾರಪೇಟೆ, ಗೋಣಿಕೊಪ್ಪಲಿನಂಥ ಪೇಟೆಗಳಲ್ಲಿ ಇವನ್ನು ರಿಪೇರಿ ಮಾಡುವ ಅಂಗಡಿಗಳಿಗೆ ಬೋರ್ಡ್ ಮಟ್ಟದಲ್ಲಿ ದೋಷ ಹುಡುಕಬಲ್ಲವರು ಬೇಕು. ವಾರಕ್ಕೆ ಎರಡು ಸಂಜೆ, ಮೂರು ಮೂರು ತಾಸು ಬರುತ್ತೇನೆ ಎಂದು ಕೇಳಿ ನೋಡಿ. ಮೊದಲ ತಿಂಗಳು ಬೆಸುಗೆ ಹಾಕುವುದು, ಬೆಸುಗೆ ತೆಗೆಯುವುದು, ಕೆಪಾಸಿಟರ್ ಬದಲಿಸುವುದು ಇಷ್ಟೇ ಇರಬಹುದು. ಅದನ್ನು ಕೀಳೆಂದು ಎಣಿಸಬೇಡಿ. ಸುಟ್ಟ ನೂರು ಬೋರ್ಡ್ ನೋಡಿದವರು ತಮ್ಮ ಬೋರ್ಡ್ ವಿನ್ಯಾಸ ಮಾಡುವಾಗ ಸಿಡಿಲಿಗೆ ಎಲ್ಲಿ ತಡೆ ಇಡಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.

ಇನ್ನೊಂದು ಜಾಗ ಹೋಂಸ್ಟೇಗಳು. ಅಲ್ಲಿ ದಿನವೂ ಎದುರಾಗುವ ತೊಂದರೆ ನೀರಿನ ಟ್ಯಾಂಕ್: ತುಂಬಿ ಹರಿಯುತ್ತದೆ, ಇಲ್ಲವೇ ಅತಿಥಿಗಳು ಸ್ನಾನಕ್ಕೆ ನಿಂತಾಗ ಖಾಲಿಯಾಗುತ್ತದೆ. ಟ್ಯಾಂಕ್ ಮಟ್ಟ ನೋಡಿ ಪಂಪ್ ಚಾಲೂ ಮಾಡುವ ಸಾಧನ ಎಲ್ಲ ವಿದ್ಯಾರ್ಥಿಗಳೂ ಮಾಡುವ ಪ್ರಾಜೆಕ್ಟ್. ನಾನೂ ಮಾಡಿದ್ದೆ, ನೆಂಟರೊಬ್ಬರ ಮನೆಗೆ. ಎರಡು ಸ್ಟೀಲ್ ಸರಳನ್ನು ನೀರಿಗೆ ಇಳಿಬಿಟ್ಟು, ಐದು ವೋಲ್ಟ್ ಕೊಟ್ಟು, ಕರೆಂಟ್ ಹರಿದರೆ ನೀರಿದೆ ಎಂದು ತಿಳಿಯುವ ವ್ಯವಸ್ಥೆ. ಕಾಲೇಜಿನಲ್ಲಿ ಚೆನ್ನಾಗಿ ನಡೆಯಿತು. ಅವರ ಟ್ಯಾಂಕಿನಲ್ಲಿ ಮೂರು ತಿಂಗಳಿಗೆ ನಿಂತಿತು. ತೆಗೆದು ನೋಡಿದರೆ ಒಂದು ಸರಳು ಸೂಜಿಯಷ್ಟು ಸವೆದಿತ್ತು, ಇನ್ನೊಂದಕ್ಕೆ ಬಿಳಿ ಸುಣ್ಣ ಹಿಡಿದಿತ್ತು. ಹಗಲೂ ರಾತ್ರಿ ಒಂದೇ ದಿಕ್ಕಿನಲ್ಲಿ ಕರೆಂಟ್ ಹರಿದರೆ ನೀರಿನಲ್ಲಿ ವಿದ್ಯುದ್ವಿಭಜನೆ ನಡೆಯುತ್ತದೆ, ಧನ ತುದಿಯ ಲೋಹ ಕರಗುತ್ತದೆ. ಪಿಯುಸಿಯಲ್ಲಿ ಓದಿದ ರಸಾಯನಶಾಸ್ತ್ರ ಅದು, ಟ್ಯಾಂಕಿನ ಮುಂದೆ ನಿಂತಾಗ ನೆನಪಿಗೆ ಬಂದಿರಲಿಲ್ಲ. ಪರಿಹಾರ ಸರಳ. ಹತ್ತು ಸೆಕೆಂಡಿಗೊಮ್ಮೆ ಕೆಲವೇ ಮಿಲಿಸೆಕೆಂಡ್ ವೋಲ್ಟೇಜ್ ಕೊಟ್ಟು ಓದಿಕೊಳ್ಳಿ, ಪ್ರತಿ ಸಲ ಎರಡು ಪಿನ್‌ಗಳ ದಿಕ್ಕನ್ನು ಅದಲುಬದಲು ಮಾಡಿ. ಅಥವಾ ಸರಳನ್ನೇ ಬಿಟ್ಟು ತೇಲುವ ಸ್ವಿಚ್ ಹಾಕಿ. ಇಂಥದ್ದನ್ನು ಕಲಿಸುವುದು ಗಿರಾಕಿಯ ಟ್ಯಾಂಕ್ ಮಾತ್ರ, ಆದ್ದರಿಂದ ಗಿರಾಕಿಯ ಟ್ಯಾಂಕಿನ ತನಕ ಹೋಗಿ ಎನ್ನುತ್ತಿದ್ದೇನೆ.

ತೋಟಗಳ ಕಡೆಗೆ ಬರೋಣ. ನಿಮ್ಮ ತಂದೆಯವರು ಮಳೆ ಪುಸ್ತಕ ಇಟ್ಟಿದ್ದಾರೆಯೇ? ಕೊಡಗಿನ ಬೆಳೆಗಾರರಲ್ಲಿ ಎಷ್ಟೋ ಮಂದಿ, ದೊಡ್ಡ ತೋಟವಾದರೆ ಅಲ್ಲಿನ ಲೆಕ್ಕ ಬರೆಯುವ ರೈಟರ್, ಬೆಳಿಗ್ಗೆ ಎದ್ದು ಮಳೆಮಾಪಕದ ನೀರು ಅಳೆದು ಬರೆದಿಡುತ್ತಾರೆ. ಅಳತೆ ಇಂಚು, ಸೆಂಟ್‌ಗಳಲ್ಲಿ (ನೂರು ಸೆಂಟಿಗೆ ಒಂದು ಇಂಚು). ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ಬಿತ್ತೇ, ಮೂವತ್ತು ಸೆಂಟ್ ಬಿತ್ತೇ ಎಂಬುದರ ಮೇಲೆ ಸ್ಪ್ರಿಂಕ್ಲರ್ ಹಾಕಬೇಕೇ ಬೇಡವೇ ಎಂಬ ತೀರ್ಮಾನ ನಿಂತಿದೆ. 2018ರ ಆಗಸ್ಟ್ ತಿಂಗಳಲ್ಲಿ ಗುಡ್ಡ ಕುಸಿದ ಮೇಲಂತೂ ರಾತ್ರಿ ಎಷ್ಟು ಮಳೆ ಸುರಿಯಿತು ಎಂಬುದು ಇಲ್ಲಿ ಹಲವು ಮನೆಗಳಿಗೆ ನಿದ್ದೆಯ ಪ್ರಶ್ನೆ. ಹಾಗಾಗಿ ನೀವು ಮಾಡುವ ಮೊದಲ ಸಾಧನ ತಾನೇ ಅಳೆದು ಬರೆದುಕೊಳ್ಳುವ ಮಳೆಮಾಪಕವಾಗಲಿ ಎಂಬುದು ನನ್ನ ಆಸೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಳಗಿರುವುದು ಎರಡು ಬಟ್ಟಲಿನ ಪುಟ್ಟ ತೂಗುಯ್ಯಾಲೆ. ಮೇಲಿನ ಆಲಿಕೆಯಿಂದ ಬಂದ ನೀರು ಒಂದು ಬಟ್ಟಲಿಗೆ ತುಂಬಿದೊಡನೆ ಅದು ಮಗುಚಿ ಇನ್ನೊಂದು ಬಟ್ಟಲು ಮೇಲೆ ಬರುತ್ತದೆ. ಮಗುಚುವಾಗ ಒಂದು ಅಯಸ್ಕಾಂತ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ಸ್ವಿಚ್) ಮುಂದೆ ಹಾದುಹೋಗುತ್ತದೆ, ಒಂದು ಎಣಿಕೆಯಾಗುತ್ತದೆ. ಆಲಿಕೆಯ ಬಾಯಿ 200 ಮಿ.ಮೀ. ವ್ಯಾಸದ್ದಿದ್ದರೆ ಅದರ ವಿಸ್ತೀರ್ಣ ಸುಮಾರು 314 ಚದರ ಸೆಂ.ಮೀ. ಒಂದು ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ, 0.254 ಮಿ.ಮೀ. ಎರಡನ್ನೂ ಗುಣಿಸಿದರೆ ಹೆಚ್ಚುಕಡಿಮೆ 8 ಮಿಲಿಲೀಟರ್. ಬಟ್ಟಲು 8 ಮಿಲಿಲೀಟರಿಗೆ ಮಗುಚುವಂತೆ ಕೆಳಗಿನ ತಿರುಪನ್ನು ಹೊಂದಿಸಿದರೆ ಒಂದು ಎಣಿಕೆಗೆ ಸರಿಯಾಗಿ ಒಂದು ಸೆಂಟ್. ಬೆಳೆಗಾರರ ಪುಸ್ತಕದ ಲೆಕ್ಕವೂ ನಿಮ್ಮ ಯಂತ್ರದ ಲೆಕ್ಕವೂ ಒಂದೇ ಆಯಿತು. ಪರದೆಯ ಮೇಲೆ ಮಿಲಿಮೀಟರ್ ತೋರಿಸಿ, ಅದನ್ನು 25.4ರಿಂದ ಭಾಗಿಸಿಕೊಳ್ಳಿ ಎಂದು ಅವರಿಗೆ ಹೇಳುವ ಅಗತ್ಯವೇ ಇಲ್ಲ.

ಸರಿಯಿದೆಯೇ ಎಂದು ಪರೀಕ್ಷಿಸಲು ಔಷಧಿ ಅಂಗಡಿಯಿಂದ ಡ್ರಿಪ್ ಹಾಕುವ ನಳಿಕೆ ತನ್ನಿ. 800 ಮಿಲಿಲೀಟರ್ ನೀರನ್ನು ಬಾಟಲಿಗೆ ತುಂಬಿ, ಮೇಲೆ ನೇತುಹಾಕಿ, ಹನಿ ಹನಿಯಾಗಿ ಆಲಿಕೆಗೆ ಬಿಡಿ. ನೂರು ಎಣಿಕೆ ಬರಬೇಕು. ಬಂದ ಮೇಲೆ ನಳಿಕೆಯ ಚಕ್ರವನ್ನು ಸಡಿಲಿಸಿ ಅದೇ ನೀರನ್ನು ವೇಗವಾಗಿ ಬಿಡಿ. ಈಗ ಎಣಿಕೆ ನೂರಕ್ಕಿಂತ ಕಡಿಮೆ ಬರುತ್ತದೆ, ಏಕೆಂದರೆ ಬಟ್ಟಲು ಮಗುಚುತ್ತಿರುವ ಆ ಕ್ಷಣದಲ್ಲೂ ನೀರು ತುಂಬಿದ ಬಟ್ಟಲಿಗೇ ಬೀಳುತ್ತಿರುತ್ತದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ಬಯಲುಸೀಮೆಯಲ್ಲಿ ಈ ದೋಷವನ್ನು ಮರೆಯಬಹುದು, ಕೊಡಗಿನ ಕಕ್ಕಡ ಮಾಸದ (ಜುಲೈ-ಆಗಸ್ಟ್) ಮಳೆಯಲ್ಲಿ ಮರೆಯಲಾಗದು. ಬೇರೆ ಬೇರೆ ವೇಗದಲ್ಲಿ ನೀರು ಬಿಟ್ಟು ಒಂದು ಪಟ್ಟಿ ಮಾಡಿಕೊಂಡು ಪ್ರೋಗ್ರಾಮಿನಲ್ಲಿ ತಿದ್ದಿ. ಆ ಪಟ್ಟಿಯೇ, ನನ್ನ ಕಣ್ಣಿಗೆ, ಯಾವ ಪ್ರಮಾಣಪತ್ರಕ್ಕಿಂತಲೂ ದೊಡ್ಡದು. ಸಂದರ್ಶನಕ್ಕೆ ಬಂದ ವಿದ್ಯಾರ್ಥಿ ಅದನ್ನು ತೆಗೆದು ಮೇಜಿನ ಮೇಲಿಟ್ಟರೆ ನಾನು ಉಳಿದ ಪ್ರಶ್ನೆಗಳನ್ನು ಕೇಳುವುದೇ ಇಲ್ಲ.

ರೀಡ್ ಸ್ವಿಚ್ ಒಮ್ಮೆ ಮುಚ್ಚುವಾಗ ಕೆಲವು ಮಿಲಿಸೆಕೆಂಡ್ ಅದುರುತ್ತದೆ, ಒಂದು ಮಗುಚುವಿಕೆ ನಾಲ್ಕೈದು ಎಣಿಕೆಯಾಗಿಬಿಡುತ್ತದೆ. ಒಂದು ಎಣಿಕೆಯಾದ ಮೇಲೆ ಎಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿರಬೇಕು ಎಂಬುದನ್ನು ಊಹೆಯಿಂದ ಬರೆಯಬೇಡಿ, ಲೆಕ್ಕ ಹಾಕಿ. ತಾಸಿಗೆ ನಾಲ್ಕು ಇಂಚಿನಂಥ ಭಾರೀ ಮಳೆಯಲ್ಲೂ ಬಟ್ಟಲು ಮಗುಚುವುದು 400 ಸಲ, ಎಂದರೆ 9 ಸೆಕೆಂಡಿಗೊಮ್ಮೆ. ಹಾಗಾಗಿ 200 ಮಿಲಿಸೆಕೆಂಡ್ ಕಣ್ಣು ಮುಚ್ಚಿದರೂ ಒಂದು ಎಣಿಕೆಯೂ ತಪ್ಪುವುದಿಲ್ಲ. ಇನ್ನು ಆಲಿಕೆಯ ಬಾಯಿಗೆ ಜಾಲರಿ ಹಾಕಿ. ಸಿಲ್ವರ್ ಓಕ್ ಎಲೆ, ಜೇಡರ ಬಲೆ, ಇರುವೆ ಗೂಡು ಇವು ಮಳೆಮಾಪಕವನ್ನು ನಿಲ್ಲಿಸುವಷ್ಟು ಯಾವ ಪ್ರೋಗ್ರಾಮಿನ ತಪ್ಪೂ ನಿಲ್ಲಿಸುವುದಿಲ್ಲ.

ಬ್ಯಾಟರಿಯ ಲೆಕ್ಕವನ್ನೂ ಇಲ್ಲಿಯೇ ಕಲಿಯುತ್ತೀರಿ. ಮಾರುಕಟ್ಟೆಯಲ್ಲಿ ಸಿಗುವ, ವೈ-ಫೈ ಇರುವ ಇಎಸ್‌ಪಿ32 ಚಿಪ್ಪಿನ ಬೋರ್ಡ್ ತಂದು ನಿದ್ದೆಗೆ ಕಳುಹಿಸಿದರೆ ಚಿಪ್ ಮಾತ್ರ ಮಲಗುತ್ತದೆ. ಅದರ ಪಾಲು ಹತ್ತು ಮೈಕ್ರೋ ಆಂಪ್ ಆಸುಪಾಸು. ಬೋರ್ಡಿನ ಮೇಲಿರುವ ಕೆಂಪು ದೀಪ, ಯುಎಸ್‌ಬಿ ಚಿಪ್, ರೆಗ್ಯುಲೇಟರ್ ಎಚ್ಚರವಾಗಿಯೇ ಇದ್ದು ಹತ್ತು ಮಿಲಿಆಂಪ್ ವರೆಗೂ ಕುಡಿಯಬಹುದು. 2,500 ಮಿಲಿಆಂಪ್-ಅವರ್ ಸೆಲ್ ಆಗ 250 ತಾಸು ಬಾಳುತ್ತದೆ, ಬರೀ ಹತ್ತು ದಿನ. ಅದೇ ಸರಾಸರಿಯನ್ನು 0.1 ಮಿಲಿಆಂಪಿಗೆ ಇಳಿಸಿದರೆ ಲೆಕ್ಕಕ್ಕೆ 25,000 ತಾಸು. ಸೆಲ್ ತಾನಾಗಿ ಸೋರುವುದನ್ನು ಕಳೆದರೂ ಜೂನ್‌ನಿಂದ ಸೆಪ್ಟೆಂಬರ್ ಆರಾಮವಾಗಿ ಕಳೆಯುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರಿನಲ್ಲಿ ಸೋಲಾರ್ ಫಲಕವನ್ನು ನಂಬಿ ಕೂರುವಂತಿಲ್ಲ. ಮರ ಬಿದ್ದು ಕರೆಂಟ್ ಹೋದರೆ ಹಿಂದೆಯೇ ಮೊಬೈಲ್ ಟವರೂ ಮಲಗುತ್ತದೆ. ಆದ್ದರಿಂದ ಅಳತೆಯನ್ನು ಮೊದಲು ಸಾಧನದೊಳಗೇ ಬರೆದಿಟ್ಟುಕೊಂಡು, ನೆಟ್‌ವರ್ಕ್ ಬಂದಾಗ ಕಳುಹಿಸುವಂತೆ ಮಾಡಿ.

ಕಳುಹಿಸುವ ಮಾತು ಬಂತಲ್ಲ, ತೋಟದ ಮೂಲೆಯಿಂದ ಮನೆಗೆ ಲೋರಾ (ಕಡಿಮೆ ಬ್ಯಾಟರಿಯಲ್ಲಿ ದೂರಕ್ಕೆ ಕಳುಹಿಸುವ ರೇಡಿಯೊ ವಿಧಾನ) ಚೆನ್ನಾಗಿ ಹೊಂದುತ್ತದೆ. ಭಾರತದಲ್ಲಿ ಅದಕ್ಕೆ ಪರವಾನಗಿ ಬೇಡದ ತರಂಗಪಟ್ಟಿ 865ರಿಂದ 868 ಮೆಗಾಹರ್ಟ್ಸ್. 915ರ ಮಾಡ್ಯೂಲ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಅದು ಬೇರೆ ದೇಶಗಳಿಗೆ ಮಾಡಿದ್ದು. ದೂರದ ಪರೀಕ್ಷೆಯನ್ನು ಫೆಬ್ರವರಿಯಲ್ಲಿ ಮಾಡಿ ಸಂತೋಷಪಡಬೇಡಿ. ನೆನೆದ ಎಲೆಗಳು ರೇಡಿಯೊ ತರಂಗವನ್ನು ಹೀರುತ್ತವೆ, ಜುಲೈಯಲ್ಲಿ ಅದೇ ತೋಟದಲ್ಲಿ ದೂರ ಕುಗ್ಗುತ್ತದೆ. ಮನೆಯ ಹಿರಿಯರಿಗೆ ಎಸ್‌ಎಂಎಸ್ ಹೋಗಬೇಕಾದರೆ ಕನ್ನಡದಲ್ಲೇ ಹೋಗಲಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ, ಅದರಲ್ಲೂ ಕಾಗುಣಿತದ ಗುರುತುಗಳು ಬೇರೆಬೇರೆಯಾಗಿ ಎಣಿಕೆಯಾಗುತ್ತವೆ. ಸಾಧನದ ಮೆಮೊರಿಯಲ್ಲಿ, ಯುಟಿಎಫ್-8 ಎಂಬ ಸಂಕೇತದಲ್ಲಿ ಬರೆದರೆ, ‘ಕೊಡಗು’ ಎಂಬ ಮೂರಕ್ಷರದ ಹೆಸರು 15 ಬೈಟ್ ತಿನ್ನುತ್ತದೆ. ಮಾತು ಚಿಕ್ಕದಾಗಿರಲಿ: ‘ನಿನ್ನೆ ಮಳೆ 2 ಇಂಚು 35 ಸೆಂಟ್’. ಇಷ್ಟು ಸಾಕು.

ಇದನ್ನು ಮೊದಲು ನಿಮ್ಮ ಮನೆಯಲ್ಲೇ ನೆಡಿ. ಒಂದು ಮಳೆಗಾಲ ತಡೆದರೆ ಅಕ್ಕಪಕ್ಕದ ಎರಡು ಮೂರು ತೋಟದವರು ತಾವಾಗಿಯೇ ಕೇಳುತ್ತಾರೆ. ಆಗ ಬೆಲೆಯ ಪ್ರಶ್ನೆ ಬರುತ್ತದೆ, ಅಲ್ಲಿ ನಮ್ಮ ಮಕ್ಕಳು ಸಂಕೋಚಪಟ್ಟು ಸೋಲುತ್ತಾರೆ. ಸಾಮಾನಿನ ಹಣವನ್ನು ಪೂರ್ತಿ ಮುಂಗಡವಾಗಿ ಪಡೆಯಿರಿ. ನಿಮ್ಮ ದಿನಗಳನ್ನು ಲೆಕ್ಕ ಹಾಕಿ, ಒಂದು ದಿನಕ್ಕೆ ನಿಮ್ಮ ಊರಿನಲ್ಲಿ ಕಾಫಿ ಕೊಯ್ಯುವವರಿಗೆ ಕೊಡುವ ಕೂಲಿಗಿಂತ ಕಡಿಮೆಗೆ ಒಪ್ಪಬೇಡಿ. ಕಲಿಯುವ ಹುಡುಗಿ ತಾನೇ, ಉಚಿತವಾಗಿ ಮಾಡಿಕೊಡಲಿ ಎನ್ನುವವರು ಸಾಧನ ಕೆಟ್ಟಾಗ ಎಲ್ಲರಿಗಿಂತ ಮೊದಲು ಫೋನ್ ಮಾಡುತ್ತಾರೆ. ಏನು ಮಾಡಿಕೊಡುತ್ತೀರಿ, ಎಷ್ಟು ತಿಂಗಳು ನೋಡಿಕೊಳ್ಳುತ್ತೀರಿ, ಸಿಡಿಲಿಗೆ ಕೆಟ್ಟರೆ ಯಾರ ಖರ್ಚು ಎಂಬುದನ್ನು ಅರ್ಧ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ನೆಂಟರಾದರೆ ಇನ್ನೂ ಮುಖ್ಯವಾಗಿ ಬರೆಯಿರಿ. ಪ್ಯಾನ್ ಕಾರ್ಡ್ ಇಲ್ಲದಿದ್ದರೆ ಮಾಡಿಸಿಕೊಳ್ಳಿ, ಹೊರಗಿನ ಸಂಸ್ಥೆಗಳು ಹಣ ಕೊಡುವಾಗ ಕೇಳುತ್ತವೆ.

ಏನು ಮಾಡಬಾರದು ಎಂಬುದನ್ನೂ ಹೇಳಬೇಕು, ಅದು ನನಗೆ ಹೆಚ್ಚು ಚಿಂತೆಯ ವಿಷಯ. ಆನೆ ಕಾಟ ಇರುವ ಕಡೆ ಬೇಲಿಗೆ ಕರೆಂಟ್ ಕೊಡುವ ಪೆಟ್ಟಿಗೆ ಮಾಡಿಕೊಡಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸೋಲಾರ್ ಬೇಲಿಯ ಎನರ್ಜೈಸರ್ ಕೊಡುವುದು ಸಾವಿರಾರು ವೋಲ್ಟಿನ ಬಡಿತ, ಆದರೆ ಆ ಬಡಿತ ಕ್ಷಣಮಾತ್ರದ್ದು. ಅದಕ್ಕೆ ಐಇಸಿ 60335-2-76 ಎಂಬ ಮಾನದಂಡವಿದೆ. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಬಡಿತ ಇರಕೂಡದು, ಒಂದು ಬಡಿತ 10 ಮಿಲಿಸೆಕೆಂಡಿಗಿಂತ ಉದ್ದ ಇರಕೂಡದು, ಅದರ ಶಕ್ತಿ 500 ಓಮ್ ಹೊರೆಯಲ್ಲಿ 5 ಜೂಲ್ ಮೀರಕೂಡದು. ಮುಟ್ಟಿದ ಜೀವ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಬೇಲಿಗೆ ನೇರವಾಗಿ 230 ವೋಲ್ಟ್ ಕೊಟ್ಟರೆ ಆನೆಯೂ ಸಾಯುತ್ತದೆ, ದಾರಿತಪ್ಪಿ ಬಂದ ಮನುಷ್ಯರೂ ಸಾಯುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆನೆ ಒಂದನೇ ಅನುಸೂಚಿಯಲ್ಲಿದೆ, ಇದು ಜೈಲಿಗೆ ಹೋಗುವ ಅಪರಾಧ. ಎನರ್ಜೈಸರನ್ನು ನೀವು ತಯಾರಿಸಲು ಹೋಗಬೇಡಿ. ಇರುವ ಬೇಲಿಯಲ್ಲಿ ವೋಲ್ಟೇಜ್ ಎಲ್ಲಿ ಬಿದ್ದಿದೆ, ಯಾವ ಬಳ್ಳಿ ತಾಗಿ ಸೋರುತ್ತಿದೆ ಎಂದು ಅಳೆದು ತಿಳಿಸುವ ಕೆಲಸ ಬೇಕಾದಷ್ಟಿದೆ, ಅದನ್ನು ಮಾಡಿ.

ಹಾಗೆಯೇ ವ್ಯಾಪಾರಕ್ಕೆ ಬಳಸುವ ತೂಕದ ಯಂತ್ರದ ಮೊಹರು ಮುಟ್ಟಬೇಡಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಅದನ್ನು ರಿಪೇರಿ ಮಾಡಲು ಪರವಾನಗಿ ಬೇಕು. ಕಾಫಿಯ ತೇವಾಂಶ ಅಳೆಯುವ ಮೀಟರನ್ನು ಅಗ್ಗದಲ್ಲಿ ಮಾಡಿ ಮಾರುವ ಆಸೆ ಎಲ್ಲ ವಿದ್ಯಾರ್ಥಿಗಳಿಗೂ ಬರುತ್ತದೆ, ನನಗೂ ಬಂದಿತ್ತು. ಬೀಜದ ತೇವಾಂಶ ಹೆಚ್ಚಾದಂತೆ ಅದರ ವಿದ್ಯುತ್ ಧಾರಕತೆ ಹೆಚ್ಚುತ್ತದೆ ಎಂಬ ತತ್ವ ಸುಲಭ. ಆದರೆ ಬೀಜ ಅರೇಬಿಕವೋ ರೊಬಸ್ಟವೋ, ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ್ದು) ಚೆರಿಯೋ (ಹಣ್ಣಿನೊಡನೆಯೇ ಒಣಗಿಸಿದ್ದು), ಬಿಸಿಯಿದೆಯೋ ತಣ್ಣಗಿದೆಯೋ ಎಂಬುದರ ಮೇಲೆ ಓದು ಬದಲಾಗುತ್ತದೆ. ಶೇಕಡಾ ಒಂದೆರಡರಷ್ಟು ತಪ್ಪು ತೋರಿಸಿದರೂ ಬೆಳೆಗಾರರು ಹಸಿ ಕಾಫಿಯನ್ನು ಕಣದಿಂದ ಎತ್ತಿ ಚೀಲಕ್ಕೆ ತುಂಬಿ ಬೂಷ್ಟು ಹಿಡಿಸಿಕೊಳ್ಳುತ್ತಾರೆ. ಒಂದು ವರ್ಷದ ಬೆಳೆಯ ವಿಚಾರ ಅದು. ಅದನ್ನು ನಾಲ್ಕೈದು ವರ್ಷದ ಅನುಭವಕ್ಕೆ ಬಿಡಿ.

ಮೂರು ಫೇಸ್ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯ ಕೆಲಸಕ್ಕೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಜೊತೆಯಲ್ಲೇ ಹೋಗಿ. ಮೋಟಾರಿಗೆ ಕರೆಂಟ್ ಕೊಟ್ಟು ತೆಗೆಯುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರಿನ ಆಚೆ ಕಡೆ ಅವರದು, ಹನ್ನೆರಡು ವೋಲ್ಟಿನ ಈಚೆ ಕಡೆ ನಿಮ್ಮದು. ಇದರಿಂದ ನಿಮಗೆ ಕೆಲಸವೂ ಹೆಚ್ಚುತ್ತದೆ, ಏಕೆಂದರೆ ಯಾವ ತೋಟದಲ್ಲಿ ಒಂದು ಫೇಸ್ ಹೋಗಿ ಮೋಟಾರ್ ಸುಟ್ಟಿತು ಎಂಬ ಸುದ್ದಿ ಮೊದಲು ಮುಟ್ಟುವುದು ಅವರಿಗೇ. 230 ವೋಲ್ಟನ್ನು ನೇರವಾಗಿ ಡಿಸಿ ಮಾಡುವ ಪವರ್ ಸಪ್ಲೈ ಒಳಗಿನ ದೊಡ್ಡ ಕೆಪಾಸಿಟರ್ 325 ವೋಲ್ಟಿಗೆ ತುಂಬಿರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇರಬಲ್ಲದು. ಮೀಟರಿನಲ್ಲಿ ಸೊನ್ನೆ ನೋಡದೆ ಬೆರಳು ಇಡಬೇಡಿ. ತೋಟಗಳಿಗೆ ಹೋಗುವಾಗ ಒಬ್ಬರೇ ಹೋಗಬೇಡಿ, ಸಂಜೆ ನಾಲ್ಕಕ್ಕೆ ಸಾಮಾನು ಕಟ್ಟಿ ಹೊರಟುಬಿಡಿ. ಕತ್ತಲಾದ ಮೇಲೆ ತೋಟದ ದಾರಿ ಆನೆಗಳದ್ದು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕುಶಾಲನಗರದಲ್ಲೇ ಇರುವ ಇನ್ನೊಂದು ಅವಕಾಶ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ ಘಟಕಗಳ, ಎಂದರೆ ಒಣಗಿದ ಕಾಫಿಯ ಹೊಟ್ಟು ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಗಳ, ಬಾಗಿಲು ತಟ್ಟಿ. ಅಲ್ಲಿನ ಕಲರ್ ಸಾರ್ಟರ್ ಯಂತ್ರವನ್ನು ಒಮ್ಮೆ ನೋಡಬೇಕು. ಜಾರುಹಲಗೆಯಿಂದ ಬೀಜಗಳು ಮಳೆಯಂತೆ ಬೀಳುತ್ತಿರುತ್ತವೆ. ಕ್ಯಾಮೆರಾ ಒಂದೊಂದನ್ನೂ ನೋಡುತ್ತದೆ. ಕಪ್ಪು ಬೀಜ ಕಂಡರೆ, ಅದು ಇನ್ನೂ ಗಾಳಿಯಲ್ಲಿರುವಾಗಲೇ, ಒಂದು ಪುಟ್ಟ ಕವಾಟ ತೆರೆದು ಅದೊಂದನ್ನೇ ಪಕ್ಕಕ್ಕೆ ಊದಿಬಿಡುತ್ತದೆ. ನೋಡುವುದು, ತೀರ್ಮಾನಿಸುವುದು, ಕವಾಟ ತೆರೆಯುವುದು ಎಲ್ಲವೂ ಕೆಲವು ಮಿಲಿಸೆಕೆಂಡುಗಳಲ್ಲಿ. ರಿಯಲ್ ಟೈಮ್ ಎಂಬ ಪದವನ್ನು ಪುಸ್ತಕದಲ್ಲಿ ಎಷ್ಟು ಓದಿದರೂ ಅದು ಅರ್ಥವಾಗುವುದು ಆ ಯಂತ್ರದ ಮುಂದೆ. ಕೊಯ್ಲು ಮುಗಿದು ಕಾಫಿ ಬಂದು ಬೀಳುವ ತಿಂಗಳುಗಳಲ್ಲಿ ಅಲ್ಲಿನ ತಂತ್ರಜ್ಞರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಮಸೂರ ಒರೆಸುವುದು, ಗಾಳಿಯ ಒತ್ತಡ ಬರೆದಿಡುವುದು, ಯಾವ ಕವಾಟ ಎಷ್ಟು ದಿನಕ್ಕೆ ಕೆಟ್ಟಿತು ಎಂದು ದಾಖಲಿಸುವುದು ಇಂಥ ಸಹಾಯಕ್ಕೆ ಶನಿವಾರದ ಕೈಯೊಂದು ಸಿಕ್ಕರೆ ಬೇಡ ಎನ್ನಲಾರರು. ಕಾಲೇಜಿನಿಂದ ಪತ್ರ ತೆಗೆದುಕೊಂಡು ಹೋಗಿ. ಸೆಮಿಸ್ಟರ್ ರಜೆಯ ನಾಲ್ಕೈದು ವಾರಕ್ಕೆ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಪರೀಕ್ಷಾ ವಿಭಾಗದ ಕೆಲಸ ಕೇಳಬಹುದು. ನಿಮ್ಮಲ್ಲಿಂದ ಎರಡು, ಎರಡೂವರೆ ತಾಸಿನ ಬಸ್ ದಾರಿ ಅಷ್ಟೇ.

ದೂರದಿಂದ ಮಾಡುವ ಕೆಲಸ ಬರುವುದು ಇವೆಲ್ಲ ಆದ ಮೇಲೆ. ಕೀಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ ಸರ್ಕ್ಯೂಟ್ ಬರೆದು ಪಿಸಿಬಿ (ಅಚ್ಚು ಹಾಕಿದ ಸರ್ಕ್ಯೂಟ್ ಬೋರ್ಡ್) ವಿನ್ಯಾಸ ಮಾಡುವುದು, ಒಂದು ಸೆನ್ಸರಿಗೆ ಡ್ರೈವರ್ ಬರೆಯುವುದು, ಪೈಥಾನಿನಲ್ಲಿ ಪರೀಕ್ಷಾ ಪ್ರೋಗ್ರಾಮ್ ಬರೆಯುವುದು. ಇವು ನೆಟ್‌ವರ್ಕ್ ಆಗಾಗ ಹೋಗುವ ಊರಿನಿಂದಲೂ ಸಾಧ್ಯ. ಮಳೆಮಾಪಕದ ಪ್ರೋಗ್ರಾಮು, ಸರ್ಕ್ಯೂಟ್, ತಿದ್ದುಪಡಿ ಪಟ್ಟಿ, ಕೆಟ್ಟು ನಿಂತ ದಿನಗಳ ಟಿಪ್ಪಣಿ ಎಲ್ಲವನ್ನೂ ಪ್ರೋಗ್ರಾಮುಗಳನ್ನು ಇಡುವ ಗಿಟ್‌ಹಬ್‌ನಂಥ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಡಿ. ಕೆಟ್ಟ ದಿನಗಳನ್ನು ಮುಚ್ಚಿಡಬೇಡಿ. ಓದಿದವರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುವುದು ಆ ಪುಟದಿಂದಲೇ.

ಯಾವ ಬೋರ್ಡ್ ಎಂದು ಕೇಳಿದ್ದೀರಿ. ಇದಕ್ಕೆ ಉದ್ದ ಉತ್ತರ ಬೇಡ. ಆರ್ಡುಯಿನೊ ಊನೊದಲ್ಲಿರುವ ಎಟಿಮೆಗಾ328ಪಿ ಚಿಪ್ಪಿಗೆ ಇರುವುದು 2 ಕಿಲೋಬೈಟ್ ರ‍್ಯಾಮ್ ಮತ್ತು 32 ಕಿಲೋಬೈಟ್ ಫ್ಲ್ಯಾಶ್. ಆ ಇಕ್ಕಟ್ಟಿನಲ್ಲಿ, ಸಿದ್ಧ ಲೈಬ್ರರಿಗಳನ್ನು ಬಿಟ್ಟು, ಡೇಟಾಶೀಟ್ ನೋಡಿಕೊಂಡು ಸಿ ಭಾಷೆಯಲ್ಲಿ ಟೈಮರ್, ಇಂಟರಪ್ಟ್, ಸೀರಿಯಲ್ ಪೋರ್ಟ್ ಮೂರನ್ನೂ ನೀವೇ ಬರೆಯಿರಿ. ಆಮೇಲೆ ಇಎಸ್‌ಪಿ32, ಕಂಪನಿಗಳ ಕಡೆ ಕಣ್ಣಿದ್ದರೆ ಎಸ್‌ಟಿಎಂ32. ಬೋರ್ಡಿಗಿಂತ ಮೊದಲು ಒಳ್ಳೆಯ ಮಲ್ಟಿಮೀಟರ್, ಉಷ್ಣತೆ ಹೊಂದಿಸಬಹುದಾದ ಬೆಸುಗೆ ಕಡ್ಡಿ, ತಂತಿಯಲ್ಲಿ ಹರಿಯುವ ಡಿಜಿಟಲ್ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಅಗ್ಗದ ಲಾಜಿಕ್ ಅನಲೈಸರ್ ತೆಗೆದುಕೊಳ್ಳಿ. ಇಂಟರ್ನ್‌ಶಿಪ್ಪಿಗೆ ಕಟ್ಟಬೇಕೆಂದಿದ್ದ ಆರು ಸಾವಿರದಲ್ಲಿ ಇವು ಮೂರೂ ಬರುತ್ತವೆ.

ತಂದೆಯವರ ಭಯ ಸುಳ್ಳಲ್ಲ. ದುಡ್ಡು ಕೈಗೆ ಬರತೊಡಗಿದಾಗ ತರಗತಿ ಸಪ್ಪೆ ಎನಿಸುವುದುಂಟು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಮತ್ತು ಕ್ಯಾಂಪಸ್ ಸಂದರ್ಶನಗಳಲ್ಲಿ ಹಿಂದಿನ ವಿಷಯ ಬಾಕಿ ಇರುವವರನ್ನು ಮೊದಲೇ ಬದಿಗಿಡುವುದು ಸಾಮಾನ್ಯ. ವಾರಕ್ಕೆ ಹತ್ತು ತಾಸು, ಅದಕ್ಕಿಂತ ಹೆಚ್ಚು ಬೇಡ. ಪರೀಕ್ಷೆಗೆ ಮೂರು ವಾರ ಮೊದಲು ಪೂರ್ತಿ ನಿಲ್ಲಿಸಿ, ಇದನ್ನು ಗಿರಾಕಿಗಳಿಗೂ ಮೊದಲೇ ಹೇಳಿಡಿ. ಕಂಟ್ರೋಲ್ ಸಿಸ್ಟಮ್ಸ್, ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಈಗ ಒಣ ಗಣಿತದಂತೆ ಕಂಡರೂ ಬಿಡಬೇಡಿ. ಸಿಡಿಲಿನಿಂದ ಬರುವ ಸುಳ್ಳು ಎಣಿಕೆಯನ್ನು ಸೋಸಬೇಕಾದ ದಿನ ಆ ಪುಟಗಳನ್ನು ನೀವೇ ಹುಡುಕಿಕೊಂಡು ಹೋಗುತ್ತೀರಿ.

ಮತ್ತು ತಂದೆಯವರನ್ನು ಈ ಕೆಲಸದ ಹೊರಗಿಡಬೇಡಿ. ಅವರಲ್ಲಿ ಗಾಜಿನ ಮಳೆಮಾಪಕ ಇದ್ದರೆ ಸರಿ, ಇಲ್ಲದಿದ್ದರೆ ಮೊದಲ ಸಂಪಾದನೆಯಲ್ಲಿ ಒಂದು ತಂದುಕೊಡಿ. ನಿಮ್ಮ ಸಾಧನವನ್ನು ಅದರ ಪಕ್ಕದಲ್ಲೇ, ಮರದ ನೆರಳಿನಿಂದ ದೂರ, ಓರೆಯಾಗದಂತೆ ಮಟ್ಟಸವಾಗಿ ನಿಲ್ಲಿಸಿ. ಜೂನ್ 1ರಿಂದ ಮಳೆ ಪುಸ್ತಕದಲ್ಲಿ ಎರಡು ಕಾಲಂ ಮಾಡಿ. ಒಂದರಲ್ಲಿ ಅವರು ಗಾಜು ನೋಡಿ ಬರೆಯಲಿ, ಇನ್ನೊಂದರಲ್ಲಿ ನಿಮ್ಮ ಯಂತ್ರ ಕಳುಹಿಸಿದ್ದನ್ನು ಬರೆಯಲಿ. ಎರಡೂ ಐದು ಸೆಂಟಿಗಿಂತ ಹೆಚ್ಚು ಬೇರೆಯಾದ ದಿನ ಅವರು ನಿಮಗೆ ಹಾಸ್ಟೆಲಿಗೆ ಫೋನ್ ಮಾಡಲಿ. ಶನಿವಾರ ಮನೆಗೆ ಹೋದಾಗ ಮುಚ್ಚಳ ತೆಗೆದು ಏನಾಗಿದೆ ಎಂದು ಇಬ್ಬರೂ ಸೇರಿ ನೋಡಿ.